ಗ್ರ್ಯಾನ್ ಪ್ರಿ ಬರಲಿ, ಬಾರದಿರಲಿ, ಟ್ರ್ಯಾಕ್ ಉಳಿಯಲಿ: ಬುದ್ಧ ಸರ್ಕಿಟ್ ಕುರಿತು ಬಹಿರಂಗ ಪತ್ರ

ಕೇಂದ್ರ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವರಿಗೆ,
ಯಮುನಾ ಎಕ್ಸ್‌ಪ್ರೆಸ್‌ವೇ ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರದ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ,

ಮಾನ್ಯರೇ,

ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕಿಟ್‌ನಲ್ಲಿ ನಡೆದ ಮೂರು ಇಂಡಿಯನ್ ಗ್ರ್ಯಾನ್ ಪ್ರಿ ಎಂಬ ಫಾರ್ಮುಲಾ ಒನ್ ಕಾರು ರೇಸುಗಳಲ್ಲಿ ಎರಡನ್ನು ಟಿಕೆಟ್ ಕೊಂಡು, ಸ್ಟ್ಯಾಂಡಿನಲ್ಲಿ ಕುಳಿತು ನೋಡಿದ ಬೆಂಗಳೂರಿನ ಒಬ್ಬ ಸಾಮಾನ್ಯ ಪ್ರೇಕ್ಷಕ ನಾನು. ಫಾರ್ಮುಲಾ ಒನ್ ಮತ್ತೆ ಭಾರತಕ್ಕೆ ಬರುತ್ತದಂತೆ ಎಂಬ ಸುದ್ದಿ ಒಂದೆರಡು ವರ್ಷಕ್ಕೊಮ್ಮೆ ಏಳುತ್ತದೆ, ಕೆಲವು ದಿನ ಓಡಾಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಅದನ್ನು ತಂದುಕೊಡಿ ಎಂದು ಕೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಗ್ರ್ಯಾನ್ ಪ್ರಿ ಬರಲಿ, ಬಾರದಿರಲಿ, 5.125 ಕಿಲೋಮೀಟರಿನ ಆ ಟ್ರ್ಯಾಕನ್ನು ಅದರ ಹಣೆಬರಹಕ್ಕೆ ಗಂಟುಹಾಕಬೇಡಿ ಎಂಬುದಷ್ಟೇ ನನ್ನ ಕೋರಿಕೆ. ದೆಹಲಿಗೂ ನೋಯ್ಡಾಕ್ಕೂ ಬರೆಯುವುದನ್ನು ಕನ್ನಡದಲ್ಲೇಕೆ ಬರೆಯುತ್ತಿದ್ದೇನೆಂದರೆ, ಈ ಟ್ರ್ಯಾಕಿನ ಬಗ್ಗೆ ದನಿಯೆತ್ತಬೇಕಾದ ಜನ ನಮ್ಮ ಕಡೆಯೂ ಸಾಕಷ್ಟು ಇದ್ದಾರೆ. ಅವರೂ ಇದನ್ನು ಓದಲಿ ಎಂಬ ಆಸೆ ನನಗಿದೆ.

ನನಗೆ ರೇಸಿನ ಹುಚ್ಚು ಹಿಡಿಸಿದವರು ನಮ್ಮ ತಂದೆ. ಎಂಬತ್ತರ ದಶಕದಲ್ಲಿ ಅವರು ನನ್ನನ್ನು ರಾತ್ರಿ ರೈಲಿನಲ್ಲಿ ಮದ್ರಾಸಿಗೆ ಕರೆದುಕೊಂಡು ಹೋಗಿ, ಅಲ್ಲಿಂದ ಶೋಲಾವರಂಗೆ ಬಸ್ ಹತ್ತಿಸಿದ್ದರು. ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯದು. ನೆರಳೆಂಬುದು ಇಲ್ಲವೇ ಇಲ್ಲ. ಕಾಂಕ್ರೀಟಿನ ಸಂದುಗಳ ಮೇಲೆ ಗಾಡಿಗಳು ಹಾರಿ ಹಾರಿ ಬೀಳುತ್ತಿದ್ದವು, ಬಿಸಿಲಿಗೆ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕುಳಿತಿದ್ದೆವು. ಈ ದೇಶದಲ್ಲಿ ರೇಸ್ ಬೆಳೆದದ್ದು ಅಂಥ ಕಡೆಗಳಲ್ಲಿ. 1990ರಲ್ಲಿ ಮದ್ರಾಸಿನ ಬಳಿ ಇರುಂಗಾಟ್ಟುಕೊಟ್ಟೈ ಟ್ರ್ಯಾಕ್ ಬಂತು, ಆಮೇಲೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ ಬಂತು. ಎರಡನ್ನೂ ಪ್ರಾಣವಿಟ್ಟುಕೊಂಡು ಕಾಪಾಡಿದವರು ರೇಸ್ ಮಾಡುವವರೇ ಹೊರತು ಸರ್ಕಾರಗಳಲ್ಲ. ಬುದ್ಧ ಸರ್ಕಿಟ್‌ನ ಕಥೆಯನ್ನು ಈ ಹಿನ್ನೆಲೆ ಬಿಟ್ಟು ನೋಡಿದರೆ ಅದು ಯಾವುದೋ ದೊಡ್ಡ ಕಂಪನಿಯ ಕೈತಪ್ಪಿದ ಆಸ್ತಿಯಂತೆ ಮಾತ್ರ ಕಾಣುತ್ತದೆ.

ಗ್ರ್ಯಾನ್ ಪ್ರಿ ತರುವ ಕನಸಂತೂ ಹಳೆಯದು. 1997ರಲ್ಲಿ ಕಲ್ಕತ್ತಾದ ಹೆಸರು ಕೇಳಿಬಂದಿತ್ತು. ಆಮೇಲೆ ಬೆಂಗಳೂರಿನ ವಿಮಾನ ನಿಲ್ದಾಣದ ಬಳಿಯ ಜಾಗದ ಮಾತೆದ್ದಿತ್ತು. ಆಗ ನಾವು ಗೆಳೆಯರು ಅದನ್ನು ನಂಬಿ, ಸ್ಟ್ಯಾಂಡು ಎಲ್ಲಿ ಬರಬಹುದೆಂದು ದೇವನಹಳ್ಳಿಯ ಕಡೆ ಬೈಕಿನಲ್ಲಿ ಹೋಗಿ ನೋಡಿಕೊಂಡು ಬಂದದ್ದುಂಟು. ನಂತರ ಚಂದ್ರಬಾಬು ನಾಯ್ಡು ಅವರ ಸರ್ಕಾರ ಹೈದರಾಬಾದಿನ ಬಳಿ ಜಮೀನು ಗುರುತಿಸಿತು, 2004ರಲ್ಲಿ ಅಲ್ಲಿ ಸರ್ಕಾರವೇ ಬದಲಾಯಿತು. ಕೊನೆಗೆ 2007ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಸುರೇಶ್ ಕಲ್ಮಾಡಿಯವರು ಫಾರ್ಮುಲಾ ಒನ್ ಮುಖ್ಯಸ್ಥ ಬರ್ನಿ ಎಕ್ಲ್‌ಸ್ಟನ್ ಅವರ ಜೊತೆ ತಾತ್ಕಾಲಿಕ ಒಪ್ಪಂದ ಮಾಡಿಕೊಂಡರು. ಗೌತಮ ಬುದ್ಧ ನಗರ ಜಿಲ್ಲೆಯಲ್ಲಿ ಜೇಪಿ ಸಮೂಹದವರು ಟ್ರ್ಯಾಕ್ ಕಟ್ಟುವುದೆಂದು ನಿಗದಿಯಾಯಿತು. ಮೊದಲ ರೇಸನ್ನು 2010ಕ್ಕೆ ಎಂದಿದ್ದರು, ಅದು 2011ಕ್ಕೆ ಹೋಯಿತು.

ಕಟ್ಟುವ ಕೆಲಸ ನಡೆಯುತ್ತಿದ್ದಾಗಲೇ, 2009ರಲ್ಲಿ, ತಮ್ಮ ಸಚಿವಾಲಯ ಕೈಗೊಂಡ ಒಂದು ನಿಲುವನ್ನು ಕ್ರೀಡಾ ಸಚಿವರಿಗೆ ನೆನಪಿಸಬೇಕಾಗಿದೆ. ಫಾರ್ಮುಲಾ ಒನ್ ಆಡಳಿತಕ್ಕೆ 3.65 ಕೋಟಿ ಡಾಲರ್ ಕಳುಹಿಸಲು ಸಂಘಟಕರು ಅನುಮತಿ ಕೇಳಿದಾಗ, ಇದು ಪೂರ್ತಿಯಾಗಿ ಕ್ರೀಡೆಯಲ್ಲ, ಮನರಂಜನೆ ಮತ್ತು ವ್ಯಾಪಾರ ಎಂಬ ಅರ್ಥದ ಕಾರಣ ಕೊಟ್ಟು ಸಚಿವಾಲಯ ಕೈತೊಳೆದುಕೊಂಡಿತು. ಆ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ; ಖಾಸಗಿ ವ್ಯಾಪಾರಕ್ಕೆ ಸರ್ಕಾರ ಯಾಕೆ ಹೆಗಲು ಕೊಡಬೇಕು ಎಂಬುದು ನ್ಯಾಯವಾದ ಪ್ರಶ್ನೆಯೇ. ಆದರೆ ಅದರ ಮರುವರ್ಷವೇ ಇದೇ ದೇಶ ಫಾರ್ಮುಲಾ ಒನ್ ಚಾಲಕ ನಾರಾಯಣ್ ಕಾರ್ತಿಕೇಯನ್ ಅವರಿಗೆ ಪದ್ಮಶ್ರೀ ಕೊಟ್ಟಿತು, 2019ರಲ್ಲಿ ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ಕೊಡುವಾಗ ಕ್ರೀಡೆ, ಕಡತಕ್ಕೆ ಸಹಿ ಹಾಕುವಾಗ ಮನರಂಜನೆ ಎಂದರೆ, ಗಾಡಿ ಓಡಿಸುವವರು ಯಾವ ಬಾಗಿಲು ತಟ್ಟಬೇಕು?

ಅಕ್ಟೋಬರ್ 30, 2011ರ ಭಾನುವಾರವನ್ನು ನಾನು ಮರೆಯುವಂತಿಲ್ಲ. ಎರಡು ರಾತ್ರಿ ರೈಲಿನಲ್ಲಿ ಕಳೆದು ದೆಹಲಿ ಸೇರಿ, ಬಸ್ ಹಿಡಿದು, ಆಮೇಲೆ ಧೂಳಿನಲ್ಲಿ ಮೈಲುಗಟ್ಟಲೆ ಎನ್ನಿಸುವಷ್ಟು ನಡೆದು ಸ್ಟ್ಯಾಂಡು ಸೇರಿದ್ದೆವು. ಅಲ್ಲಿ ಕಾರು ಕಣ್ಣಿಗೆ ಬೀಳುವುದಕ್ಕೆ ಮುಂಚೆ ಎದೆಗೆ ಬಡಿಯುತ್ತಿತ್ತು. ನಿಮಿಷಕ್ಕೆ 18,000 ಸುತ್ತು ಸುತ್ತುವ 2.4 ಲೀಟರಿನ ವಿ8 ಎಂಜಿನ್‌ಗಳು. ಇಪ್ಪತ್ತನಾಲ್ಕು ಕಾರುಗಳು ಒಟ್ಟಿಗೆ ಹೊರಟಾಗ ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯೇ ನಡುಗಿತು, ಪಕ್ಕದಲ್ಲಿದ್ದ ಮೀರತ್‌ನ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡು ಮಗುವಿನ ಹಾಗೆ ನಕ್ಕರು. ಮೂರನೇ ತಿರುವು ದಿಬ್ಬದ ಮೇಲಿದೆ. ಅದನ್ನು ದಾಟಿದ ಕಾರು ಒಂದು ಕಿಲೋಮೀಟರಿಗೂ ಹೆಚ್ಚಿನ ನೇರ ಹಾದಿಗೆ ಬಿದ್ದು, ಇಳಿದು, ಮತ್ತೆ ಏರಿ, ನಾಲ್ಕನೆಯ ತಿರುವಿಗೆ ಹೋಗುತ್ತದೆ. ಯಾರಾದರೂ ಸಾಲು ತಪ್ಪಿ ಪಕ್ಕಕ್ಕೆ ಸರಿದರೆ ಸಾಕು, ಹೊಸ ಟ್ರ್ಯಾಕಿನ ಧೂಳು ಹೊಗೆಯಂತೆ ಎದ್ದು ಹಿಂದಿನವನ ಕಣ್ಣು ಕಟ್ಟುತ್ತಿತ್ತು. ಹತ್ತರಿಂದ ಹನ್ನೆರಡರವರೆಗಿನ ಉದ್ದನೆಯ ಬಲತಿರುವನ್ನು ಟ್ರ್ಯಾಕಿನ ವಿನ್ಯಾಸಕಾರ ಹರ್ಮನ್ ಟಿಲ್ಕೆ ಬಿಡಿಸಿದ ಬಗೆಯೇ ಬಗೆ. ಕಾರು ಅಲ್ಲಿ ತಿರುಗುತ್ತಲೇ ಇರುತ್ತದೆ, ಮುಗಿಯಿತು ಅಂದುಕೊಂಡರೆ ಇನ್ನೂ ತಿರುಗುತ್ತಿರುತ್ತದೆ.

ಆ ದಿನ ಸುಮಾರು 95 ಸಾವಿರ ಜನ ಸೇರಿದ್ದರು. ಅದೇ ತಿಂಗಳು ಬೇರೆ ರೇಸುಗಳ ಅಪಘಾತದಲ್ಲಿ ತೀರಿಕೊಂಡ ಡ್ಯಾನ್ ವೆಲ್ಡನ್ ಮತ್ತು ಮಾರ್ಕೊ ಸಿಮೊನ್ಸೆಲ್ಲಿ ಅವರಿಗಾಗಿ ರೇಸಿಗೆ ಮೊದಲು ಒಂದು ನಿಮಿಷ ಮೌನ ಆಚರಿಸಲಾಯಿತು. ಅಷ್ಟು ಜನ ಅಷ್ಟು ಸುಮ್ಮನಿದ್ದುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊನೆಯಲ್ಲಿ ಸಚಿನ್ ತೆಂಡೂಲ್ಕರ್ ಚೌಕುಳಿ ಬಾವುಟ ಬೀಸಿದರು. ಎರಡು ದಿನ ಮುಂಚೆ, ಶುಕ್ರವಾರದ ಮೊದಲ ಅಭ್ಯಾಸದ ಹೊತ್ತಿಗೆ ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗಿ ಕೆಂಪು ಬಾವುಟ ತೋರಿಸಬೇಕಾಗಿ ಬಂದದ್ದನ್ನು ವಿದೇಶಿ ಪತ್ರಿಕೆಗಳು ಚಪ್ಪರಿಸಿ ಬರೆದವು. ಆದರೆ ಟ್ರ್ಯಾಕ್ ಚೆನ್ನಾಗಿದೆ ಎಂದು ಚಾಲಕರು ಆಡಿದ ಮಾತು ಅದಕ್ಕಿಂತ ತೂಕದ್ದು. (ರೇಸಿನ ದಿನವೇ ಸಂಜೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ಹಾಡಿತು. ನನ್ನ ತಮ್ಮ ಅಲ್ಲಿಗೆ ಹೋದ, ನಾನು ಇಲ್ಲಿಗೆ ಬಂದೆ. ಕಿವಿ ಹೆಚ್ಚು ಕೆಟ್ಟದ್ದು ಯಾರದು ಎಂಬ ಜಗಳ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ.)

ರೇಸುಗಳ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳುವುದಾದರೆ, ರೋಚಕತೆ ಕಡಿಮೆಯೇ ಇತ್ತು. ಮೂರನ್ನೂ ಗೆದ್ದವರು ರೆಡ್ ಬುಲ್‌ನ ಸೆಬಾಸ್ಟಿಯನ್ ವೆಟೆಲ್, ಅದೂ ಮೂರು ಸಲವೂ ಮೊದಲ ಸ್ಥಾನದಿಂದ ಹೊರಟು. ಮೊದಲ ಎರಡು ವರ್ಷಗಳ 120 ಲ್ಯಾಪ್‌ಗಳಲ್ಲಿ, ಅಂದರೆ ಟ್ರ್ಯಾಕಿನ ಸುತ್ತುಗಳಲ್ಲಿ, ಒಂದೇ ಒಂದರಲ್ಲೂ ಬೇರೆಯವರಿಗೆ ಮುಂದಾಳತ್ವ ಸಿಗಲಿಲ್ಲ. 2011ರಲ್ಲಿ ಅವರು ದಾಖಲಿಸಿದ 1 ನಿಮಿಷ 27.249 ಸೆಕೆಂಡಿನ ಲ್ಯಾಪ್‌ನ ಫಾರ್ಮುಲಾ ಒನ್ ದಾಖಲೆಯನ್ನು ಮುರಿಯಲು ಆಮೇಲೆ ಯಾರಿಗೂ ಹೆಚ್ಚು ಅವಕಾಶವೇ ದೊರೆಯಲಿಲ್ಲ. ಕಾರ್ತಿಕೇಯನ್ ತಮ್ಮ ಎಚ್‌ಆರ್‌ಟಿ ತಂಡದ ನಿಧಾನದ ಕಾರಿನಲ್ಲಿ ಮೊದಲ ವರ್ಷ 17ನೆಯವರಾಗಿ ಗುರಿ ಮುಟ್ಟಿದಾಗ, ಗೆದ್ದವರಿಗೆ ಬಿದ್ದದ್ದಕ್ಕಿಂತ ಹೆಚ್ಚು ಚಪ್ಪಾಳೆ ನಮ್ಮ ಸ್ಟ್ಯಾಂಡಿನಲ್ಲಿ ಬಿತ್ತು. ಎರಡನೆಯ ವರ್ಷ ಜನ ಸುಮಾರು 65 ಸಾವಿರಕ್ಕೆ ಇಳಿದರು. ಮೂರನೆಯ ವರ್ಷ, 2013ರ ಅಕ್ಟೋಬರ್ 27ರಂದು, ವೆಟೆಲ್ ತಮ್ಮ ನಾಲ್ಕನೆಯ ವಿಶ್ವ ಪ್ರಶಸ್ತಿಯನ್ನು ಇಲ್ಲೇ ಖಚಿತಪಡಿಸಿಕೊಂಡರು. ನಿಯಮದ ಪ್ರಕಾರ ಕಾರನ್ನು ಒಳಕ್ಕೆ ತೆಗೆದುಕೊಂಡು ಹೋಗಬೇಕಿತ್ತು. ಅವರು ಮುಖ್ಯ ಸ್ಟ್ಯಾಂಡಿನ ಎದುರು ಟೈರುಗಳಿಂದ ಹೊಗೆ ಏಳುವಂತೆ ಗಿರಗಿರನೆ ಸುತ್ತಿಸಿ, ಇಳಿದು, ಕಾರಿನ ಮುಂದೆ ಮಂಡಿಯೂರಿ ತಲೆಬಾಗಿ ಕೈಮುಗಿದರು. ತಂಡಕ್ಕೆ 25,000 ಯೂರೊ ದಂಡ ಬಿತ್ತು. ಆಯುಧಪೂಜೆ ಕಳೆದು ಎರಡು ವಾರವಾಗಿತ್ತಷ್ಟೆ, ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಹಾಗಾದರೆ ಕೆಟ್ಟದ್ದು ಎಲ್ಲಿ? ಟಿಕೆಟ್ ದುಬಾರಿ, ಜನ ಕಡಿಮೆಯಾದರು ಎಂಬುದೊಂದೇ ಉತ್ತರವಲ್ಲ. ಉತ್ತರ ಪ್ರದೇಶ ಸರ್ಕಾರ ಮನರಂಜನಾ ತೆರಿಗೆಯಿಂದ ವಿನಾಯಿತಿ ಕೊಟ್ಟಿತು, ಅದನ್ನು ಪ್ರಶ್ನಿಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು, ಮೊದಲ ರೇಸಿಗೆ ಇನ್ನು ಕೆಲವೇ ದಿನ ಇರುವಾಗ ಟಿಕೆಟ್ ಮಾರಾಟದ ಹಣದಲ್ಲಿ ಶೇ 25ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡುವಂತೆ ಕೋರ್ಟ್ ಹೇಳಿತು. 2013ರಲ್ಲೂ ತೆರಿಗೆ ಬಾಕಿಯ ಕಾರಣಕ್ಕೆ ರೇಸನ್ನೇ ತಡೆಯಬೇಕೆಂಬ ಅರ್ಜಿ ಬಂತು. ರೇಸಿಗೆ ಎರಡು ದಿನ ಇರುವಾಗ ತಡೆ ನೀಡಲು ಕೋರ್ಟ್ ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ನಾವು ರೈಲು ಹತ್ತಿಯಾಗಿತ್ತು, ರೇಸ್ ನಡೆಯುತ್ತದೋ ಇಲ್ಲವೋ ಎಂದು ಭೋಪಾಲ್ ದಾಟುವವರೆಗೂ ಗೊತ್ತಿರಲಿಲ್ಲ. ಇದರ ಜೊತೆಗೆ ಸಾಮಗ್ರಿಗಳ ಮೇಲಿನ ಸುಂಕದ ಕಿರಿಕಿರಿ, ವೀಸಾ ಕಿರಿಕಿರಿ, ಮತ್ತು ತಂಡಗಳೂ ಚಾಲಕರೂ ತಮ್ಮ ವರ್ಷದ ಗಳಿಕೆಯಲ್ಲಿ ಈ ಒಂದು ರೇಸಿನ ಪಾಲಿಗೆ ಇಲ್ಲಿ ಆದಾಯ ತೆರಿಗೆ ಕಟ್ಟಬೇಕೆಂಬ ತಗಾದೆ. 2014ರ ಪಟ್ಟಿಯಿಂದ ಭಾರತವನ್ನು ಕೈಬಿಟ್ಟಾಗ 2015ರ ಆರಂಭಕ್ಕೆ ಹೊಂದಿಸುತ್ತೇವೆ ಎಂದಿದ್ದರು. 2015 ಬಂತು, ರೇಸ್ ಬರಲಿಲ್ಲ. ಐದು ವರ್ಷದ ಒಪ್ಪಂದ ಮೂರಕ್ಕೇ ನಿಂತಿತು.

ಇನ್ನೂ ವಿಚಿತ್ರವೆಂದರೆ, ಈ ಟ್ರ್ಯಾಕ್ ತೆರಿಗೆ ಕಾನೂನಿನ ಪಾಠವಾಗಿ ಉಳಿದಿರುವುದು. ಸಂಘಟಕರು ರೇಸ್ ನಡೆಸುವ ಹಕ್ಕಿಗಾಗಿ 2011ರ ಒಪ್ಪಂದದಂತೆ 4 ಕೋಟಿ ಡಾಲರ್ ಕೊಡಬೇಕಿತ್ತು. ಆ ಹಣಕ್ಕೆ ಇಲ್ಲಿ ತೆರಿಗೆ ಇದೆಯೇ ಎಂಬ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2017ರ ಏಪ್ರಿಲ್‌ನಲ್ಲಿ, ವರ್ಷಕ್ಕೆ ಕೆಲವೇ ದಿನದ ರೇಸಾದರೂ ಆ ದಿನಗಳಲ್ಲಿ ಟ್ರ್ಯಾಕಿನ ಮೇಲೆ ಫಾರ್ಮುಲಾ ಒನ್ ಕಂಪನಿಗೇ ಹಿಡಿತ ಇರುತ್ತದೆ, ಆದ್ದರಿಂದ ಅದು ಅವರ ಖಾಯಂ ವ್ಯವಹಾರ ನೆಲೆಯೇ, ತೆರಿಗೆ ಕಟ್ಟತಕ್ಕದ್ದು ಎಂದು ತೀರ್ಪು ನೀಡಿತು. ತೀರ್ಪು ಸರಿಯಾಗಿಯೇ ಇರಬಹುದು, ನಾನು ವಕೀಲನಲ್ಲ. ಆದರೆ ರೇಸ್ ನಿಂತು ಮೂರೂವರೆ ವರ್ಷವಾದ ಮೇಲೆ ಇತ್ಯರ್ಥವಾದ ಈ ಮಾತನ್ನು ರೇಸ್ ತರುವ ಮುಂಚೆಯೇ ಕೂತು ಮಾತನಾಡಿ ಬರೆದುಕೊಳ್ಳಲು ಏನು ಅಡ್ಡಿಯಿತ್ತು? ಆನೆ ಕೊಂಡ ಮೇಲೆ ಅಂಕುಶಕ್ಕೆ ಜಗಳವಾಡಿದಂತಾಯಿತು.

ರೈತರ ಮಾತನ್ನು ಬಿಟ್ಟು ಈ ಪತ್ರ ಬರೆದರೆ ಅದು ಅರ್ಧ ಸತ್ಯವಾದೀತು. ಸುಮಾರು 875 ಎಕರೆಯ ಈ ಸರ್ಕಿಟ್ ಖಾಲಿ ಬಯಲಿನಲ್ಲಿ ಎದ್ದದ್ದಲ್ಲ. 2011ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಭಟ್ಟಾ ಪಾರ್ಸೌಲ್‌ನಲ್ಲಿ ಭೂಸ್ವಾಧೀನದ ವಿರುದ್ಧದ ಹೋರಾಟ ರಕ್ತಪಾತಕ್ಕೆ ತಿರುಗಿತ್ತು. ಪರಿಹಾರ ಸಾಲದೆಂದು ರೇಸಿನ ವಾರ ಕೂಡ ಸುತ್ತಮುತ್ತಲ ಹಳ್ಳಿಯವರು ದನಿಯೆತ್ತಿದ್ದರು. ನಾವು ಸ್ಟ್ಯಾಂಡಿಗೆ ನಡೆಯುವ ದಾರಿಯಲ್ಲಿ ಬೇಲಿಯಾಚೆ ಎಮ್ಮೆ ಕಾಯುತ್ತ ನಿಂತಿದ್ದವರೊಬ್ಬರು, ಈ ಟಿಕೆಟಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದರು. ಹೇಳಲು ನನಗೆ ನಾಚಿಕೆಯಾಯಿತು. ಸುಳ್ಳು ಬೆಲೆ ಹೇಳಿದೆ.

ಗ್ರ್ಯಾನ್ ಪ್ರಿ ಹೋದ ಮೇಲೆ ಟ್ರ್ಯಾಕ್ ಸತ್ತುಹೋಯಿತು ಎಂದು ಭಾವಿಸುವವರು ಬಹಳ. ಅದು ನಿಜವಲ್ಲ. 2014ರಲ್ಲಿ ಅಲ್ಲಿ ಲಾರಿಗಳ ರೇಸ್ ಶುರುವಾಯಿತು. ಮೊದಮೊದಲು ವಿದೇಶಿ ಚಾಲಕರು ಓಡಿಸಿದರೂ, ಆಮೇಲೆ ನಮ್ಮ ಹೆದ್ದಾರಿಗಳ ಲಾರಿ ಚಾಲಕರನ್ನೇ ತರಬೇತುಗೊಳಿಸಿ ಇಳಿಸಿದರು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದವು, ವಾಹನ ಕಂಪನಿಗಳು ಹೊಸ ಗಾಡಿ ತೋರಿಸಲು ಬಾಡಿಗೆಗೆ ಹಿಡಿದವು. 2023ರ ಸೆಪ್ಟೆಂಬರ್‌ನಲ್ಲಿ ಬೈಕುಗಳ ವಿಶ್ವ ಚಾಂಪಿಯನ್‌ಷಿಪ್ ಆದ ಮೋಟೊಜಿಪಿ ಬಂತು. ವೀಸಾ ತಡವಾಗಿ ಕೆಲವು ಸವಾರರು ವಿಮಾನ ಹತ್ತಲಾಗದೆ ಒದ್ದಾಡಿದರು, ಬಿಸಿಲ ಝಳಕ್ಕೆ ರೇಸನ್ನು 24ರಿಂದ 21 ಲ್ಯಾಪಿಗೆ ಇಳಿಸಬೇಕಾಯಿತು, ಆದರೂ ಮಾರ್ಕೊ ಬೆಜ್ಜೆಕ್ಕಿ ಗೆದ್ದ ಆ ರೇಸ್ ಚೆಂದದ್ದೇ ಆಗಿತ್ತು. ಮರುವರ್ಷ ಅದೂ ರದ್ದಾಯಿತು. ವೀಸಾ ವಿಷಯದಲ್ಲಿ ಹನ್ನೆರಡು ವರ್ಷದಲ್ಲಿ ನಾವು ಏನೂ ಕಲಿಯದಿದ್ದುದು ನನಗೆ ಹೆಚ್ಚು ನೋವು ತಂದಿತು.

ಈ ನಡುವೆ ಬಾಕಿ ಪಾವತಿಸಿಲ್ಲವೆಂದು ಪ್ರಾಧಿಕಾರವು 2020ರಲ್ಲಿ ಟ್ರ್ಯಾಕ್ ಮತ್ತು ಮನೆಗಳನ್ನೊಳಗೊಂಡ ಸ್ಪೋರ್ಟ್ಸ್ ಸಿಟಿ ಯೋಜನೆಯ ಸುಮಾರು 1,000 ಹೆಕ್ಟೇರ್ ಜಮೀನಿನ ಹಂಚಿಕೆಯನ್ನು ರದ್ದುಪಡಿಸಿತು, 2025ರ ಮಾರ್ಚ್‌ನಲ್ಲಿ ಅಲಹಾಬಾದ್ ಹೈಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಜಮೀನು ಪಡೆದಿದ್ದ ಜೇಪಿ ಸಮೂಹದ ಕಂಪನಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಮನೆಗಾಗಿ ಹಣ ಕಟ್ಟಿ ಕಾಯುತ್ತಿರುವವರು, ಸಾಲ ಕೊಟ್ಟ ಬ್ಯಾಂಕುಗಳು, ಪರಿಹಾರಕ್ಕಾಗಿ ಅಲೆಯುತ್ತಿರುವ ರೈತರು ಎಲ್ಲರ ಹಕ್ಕೂ ಟ್ರ್ಯಾಕಿನ ಹಕ್ಕಿಗಿಂತ ಮೊದಲಿನದು ಎಂಬುದನ್ನು ಒಪ್ಪುತ್ತೇನೆ. ನನ್ನ ಆತಂಕ ಬೇರೆ. ಪಕ್ಕದ ಜೇವರ್‌ನಲ್ಲಿ ವಿಮಾನ ನಿಲ್ದಾಣ ಎದ್ದಿದೆ, ಎಕ್ಸ್‌ಪ್ರೆಸ್‌ವೇ ಆಚೀಚೆ ಜಾಗದ ಬೆಲೆ ಗಗನಕ್ಕೇರಿದೆ. ಇಂಥ ಹೊತ್ತಿನಲ್ಲಿ ಯಾರ ಲೆಕ್ಕದ ಪುಸ್ತಕದಲ್ಲಾದರೂ ಆ ಟ್ರ್ಯಾಕ್ ಡಾಂಬರು ಸುರಿದ ನಿವೇಶನದಂತೆ ಕಾಣುವುದು ಸಹಜ.

ಬೇರೆಡೆ ಏನಾಯಿತು ನೋಡಿ. ಇದೇ ಟಿಲ್ಕೆಯವರು ರೂಪಿಸಿದ ಇಸ್ತಾಂಬುಲ್ ಪಾರ್ಕ್ 2011ರಲ್ಲಿ ಗ್ರ್ಯಾನ್ ಪ್ರಿ ಕಳೆದುಕೊಂಡ ಮೇಲೆ ಹಳೆಯ ಕಾರುಗಳ ನಿಲುಗಡೆ ಅಂಗಳವಾಯಿತು, ಆದರೂ ಟ್ರ್ಯಾಕ್ ಇದ್ದುದರಿಂದ 2020ರಲ್ಲಿ ಕೊರೊನಾ ಕಾಲದ ಪಟ್ಟಿಯಲ್ಲಿ ಅದಕ್ಕೆ ಮರಳಿ ಜಾಗ ಸಿಕ್ಕಿತು. ಮಲೇಷ್ಯಾದ ಸೆಪಾಂಗ್ 2017ರಲ್ಲಿ ಖರ್ಚು ಗಿಟ್ಟುವುದಿಲ್ಲವೆಂದು ಫಾರ್ಮುಲಾ ಒನ್‌ಗೆ ತಾನಾಗಿಯೇ ವಿದಾಯ ಹೇಳಿತು, ಮೋಟೊಜಿಪಿಯನ್ನೂ ಸ್ಥಳೀಯ ರೇಸುಗಳನ್ನೂ ಇಟ್ಟುಕೊಂಡು ಬದುಕಿದೆ. ನನಗೆ ಎಲ್ಲಕ್ಕಿಂತ ಹಿಡಿಸುವ ಉದಾಹರಣೆ ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್. 1985ರಲ್ಲಿ ಅಲ್ಲಿ ಗ್ರ್ಯಾನ್ ಪ್ರಿ ನಿಂತಿತು, ಹಣದ ಮುಗ್ಗಟ್ಟಿನಲ್ಲಿ ಒಂದಷ್ಟು ಜಾಗವೂ ಕೈಬಿಟ್ಟು ಹೋಯಿತು, ಟ್ರ್ಯಾಕ್ ಮೊಟಕಾಯಿತು. ಆದರೆ ಬಾಗಿಲು ಮುಚ್ಚಲಿಲ್ಲ. ಕ್ಲಬ್ ರೇಸು, ಶಾಲೆ, ವಾರಾಂತ್ಯದ ಪಂದ್ಯಗಳು ನಡೆಯುತ್ತಲೇ ಇದ್ದವು. 36 ವರ್ಷಗಳ ಬಳಿಕ, 2021ರಲ್ಲಿ, ಗ್ರ್ಯಾನ್ ಪ್ರಿ ತಾನಾಗಿ ಬಂದಾಗ ಅಲ್ಲಿ ಟ್ರ್ಯಾಕ್ ಇತ್ತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ತೇರು ವರ್ಷಕ್ಕೊಮ್ಮೆ. ಗುಡಿಯಲ್ಲಿ ದೀಪ ಹಚ್ಚುವವರು ದಿನಾ ಬೇಕು.

ದಿನಾ ದೀಪ ಹಚ್ಚುವವರು ನಮ್ಮಲ್ಲಿದ್ದಾರೆ. 2025ರ ಮೇ ತಿಂಗಳಲ್ಲಿ ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ ಒನ್‌ಗೆ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ಬೆಂಗಳೂರಿನವರು, ಅಣ್ಣ ಅರ್ಜುನ್ ಜರ್ಮನಿಯ ಡಿಟಿಎಂ ಕಾರು ರೇಸ್ ಸರಣಿಯಲ್ಲಿ ಓಡಿಸಿದವರು. 2019ರಲ್ಲಿ ಬಾಜಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದ ಐಶ್ವರ್ಯಾ ಪಿಸ್ಸೆ, 2015ರಲ್ಲಿ ಡಕಾರ್ ರ‍್ಯಾಲಿಗೆ ಇಳಿದ ಸಿ.ಎಸ್. ಸಂತೋಷ್, ಇಬ್ಬರೂ ನಮ್ಮೂರಿನವರೇ. ಇವರ ಪೈಕಿ ನಾಲ್ಕು ಚಕ್ರದ ಹಾದಿ ಹಿಡಿದವರು ಚಿಕ್ಕ ವಯಸ್ಸಿಗೇ ಯುರೋಪಿಗೆ ಹೋಗಬೇಕಾಯಿತು, ಹೋಗುವ ಶಕ್ತಿಯಿಲ್ಲದವರು ಕಾರ್ಟಿಂಗಿನಲ್ಲೇ ನಿಂತುಹೋದರು. ನಮ್ಮ ಬೀದಿಯ ಮೆಕ್ಯಾನಿಕ್ ಒಬ್ಬರ ಮಗ ಇರುಂಗಾಟ್ಟುಕೊಟ್ಟೈಯಲ್ಲಿ ಬೈಕ್ ಓಡಿಸುತ್ತಾನೆ; ಬುದ್ಧ ಸರ್ಕಿಟ್‌ನಲ್ಲಿ ಒಂದು ದಿನ ಅಭ್ಯಾಸ ಮಾಡುವ ಖರ್ಚು ವಿಚಾರಿಸಿ ಆಸೆ ಬಿಟ್ಟ.

ಆದ್ದರಿಂದ ತಮ್ಮಿಬ್ಬರಲ್ಲಿ ಕೇಳುವುದು ಇಷ್ಟು. ಜಮೀನಿನ ವ್ಯಾಜ್ಯ ಯಾವ ಬಗೆಯಲ್ಲಿ ಕೊನೆಗೊಂಡರೂ, ಟ್ರ್ಯಾಕ್, ತಂಡಗಳು ಕಾರು ಸಜ್ಜುಗೊಳಿಸುವ ಪಿಟ್ ಕಟ್ಟಡ, ಆಸ್ಪತ್ರೆ, ತುರ್ತು ರಸ್ತೆ ಇವಿಷ್ಟನ್ನು ಒಡೆಯದೆ ಒಂದೇ ಘಟಕವಾಗಿ ಉಳಿಸುತ್ತೇವೆಂದು, ಅದು ಯಾರ ಕೈಗೆ ಹೋದರೂ ಆ ಷರತ್ತಿನ ಮೇಲೆಯೇ ಹೋಗುತ್ತದೆಂದು ಪ್ರಾಧಿಕಾರ ಬರಹದಲ್ಲಿ ಹೇಳಲಿ. ವರ್ಷದಲ್ಲಿ ಇಂತಿಷ್ಟು ದಿನ, ಪರವಾನಗಿ ಹೊಂದಿದ ಭಾರತೀಯ ಸವಾರರಿಗೂ ಚಾಲಕರಿಗೂ ನಿಗದಿತ, ಕೈಗೆಟುಕುವ ದರದಲ್ಲಿ ಟ್ರ್ಯಾಕ್ ಸಿಗಲಿ. ಆ ದಿನಗಳನ್ನು ಜನವರಿಯಲ್ಲೇ ಪ್ರಕಟಿಸಲಿ. ಜಮೀನು ಕೊಟ್ಟ ಹಳ್ಳಿಗಳ ಮಕ್ಕಳಿಗೆ ಅಲ್ಲಿನ ಕೆಲಸ, ತರಬೇತಿಗಳಲ್ಲಿ ಮೊದಲ ಪಾಲು ಇರಲಿ. ಕ್ರೀಡಾ ಸಚಿವಾಲಯವು ಮೋಟಾರ್ ರೇಸ್ ಕ್ರೀಡೆಯೋ ಅಲ್ಲವೋ ಎಂಬುದನ್ನು ಒಮ್ಮೆ ತೀರ್ಮಾನಿಸಿ, ಹಣಕಾಸು ಮತ್ತು ಗೃಹ ಸಚಿವಾಲಯಗಳ ಜೊತೆ ಕುಳಿತು, ಬಂದುಹೋಗುವ ಗಾಡಿಗಳ ಸುಂಕ, ವೀಸಾ, ತೆರಿಗೆಗಳಿಗೆ ಒಂದೇ ನಿಯಮ ಮಾಡಲಿ. ಅದಾಗದೆ ಇನ್ನೊಂದು ಗ್ರ್ಯಾನ್ ಪ್ರಿಗೆ ಸಹಿ ಹಾಕಬೇಡಿ ಎಂದು ಆ ರೇಸಿನ ಹುಚ್ಚಿರುವ ನಾನೇ ಹೇಳುತ್ತಿದ್ದೇನೆ. ಮೂರು ವರ್ಷಗಳಲ್ಲಿ ಸಾರ್ವಜನಿಕ ಬೊಕ್ಕಸದಿಂದ ಹೋದದ್ದೆಷ್ಟು, ಬಂದದ್ದೆಷ್ಟು ಎಂಬ ಲೆಕ್ಕವನ್ನೂ ಜನರ ಮುಂದೆ ಇಡಿ.

ಪಿಟ್ ಕಟ್ಟಡದಲ್ಲಿ ಒಂದು ಕೋಣೆಯನ್ನು ಆ ಮೂರು ರೇಸುಗಳ ನೆನಪಿಗೆಂದು ಬಿಡಿ. ಬಾವುಟ, ಫೋಟೊ, ಮಾರ್ಷಲ್‌ಗಳ ಅಂಗಿ, ನ್ಯಾಯಾಲಯದ ಕಾಗದ, ಹಳ್ಳಿಗಳ ಹಳೆಯ ನಕ್ಷೆ, ಎಲ್ಲವೂ ಅಲ್ಲಿರಲಿ. 2011 ಮತ್ತು 2013ರ ನನ್ನ ಎರಡು ಟಿಕೆಟ್‌ಗಳು ನಮ್ಮ ತಂದೆಯ ಶೋಲಾವರಂ ಪಾಸ್‌ನ ಜೊತೆ ಒಂದೇ ಲಕೋಟೆಯಲ್ಲಿವೆ. ಕೋಣೆ ಸಿದ್ಧವಾದ ದಿನ ತಿಳಿಸಿ, ಮೂರನ್ನೂ ನಾನೇ ತಂದುಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ರೇಸ್ ಪ್ರೇಕ್ಷಕ